ಮಾಳಿಗೆ ಹೊತ್ತು

"ಎಡಕ್ಕೆ! ಇನ್ನೂ ಎಡಕ್ಕೆ ಮೇಡಂ, ಅಲ್ಲಿ ಬೂಟು ಕಾಣ್ತಿದೆ!"

ನೀಲಾಂಬಿಕಾ ಸಲಿಕೆಯನ್ನು ಎಡಕ್ಕೆ ಬೀಸಿದಳು. ಅದು ಕಲ್ಲಿಗೆ ತಾಗಿದಂತೆ ಠಣ್ಣೆಂದು ವಾಪಸು ಹಾರಿತು. ಮೊಣಕೈವರೆಗೂ ನಡುಕ ಏರಿತು. ಅದು ಕಲ್ಲಲ್ಲ, ಹಿಮವೇ. ಜಾರಿ ಬರುವಾಗ ಹಿಟ್ಟಿನಂತಿದ್ದದ್ದು ನಿಂತ ಕೂಡಲೇ ಸಿಮೆಂಟಿನಂತೆ ಬಿಗಿದುಕೊಂಡಿತ್ತು. ಅವಳು ಮತ್ತೆ ಹೊಡೆದಳು. ಪಕ್ಕದಲ್ಲಿ ನೋರ್ಬು ಮಂಡಿಯೂರಿ ಬರಿಗೈಯಲ್ಲಿ ಕೆರೆಯುತ್ತಿದ್ದ. ಅವನ ಉಗುರುಗಳಿಂದ ಒಸರಿದ ರಕ್ತ ಹಿಮದ ಮೇಲೆ ಗುಲಾಬಿ ಗೆರೆಗಳನ್ನು ಎಳೆಯುತ್ತಿತ್ತು.

ಬೂಟು ಸಿಕ್ಕಿತು. ಬೂಟಿನ ಹಿಂದೆ ಕಾಲು, ಮಂಡಿಯ ಕೆಳಗೆ ಹಿಂದುಮುಂದಾಗಿ ತಿರುಚಿಕೊಂಡದ್ದು. ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು. ನೋರ್ಬು ಮುಖದ ಮೇಲಿನ ಹಿಮ ತೋಡಿ ತೆಗೆದ. ಬಾಯಿ, ಮೂಗು, ತೆರೆದ ಕಣ್ಣು ಎಲ್ಲದರಲ್ಲೂ ಹಿಮ ಗಿಡಿದು ತುಂಬಿತ್ತು. ತಲೆ ಭುಜದ ಮೇಲೆ ಇರಬಾರದ ರೀತಿಯಲ್ಲಿ ಮಲಗಿತ್ತು. ಪುಣೆಯಿಂದ ಸ್ಕೀ ಆಡಲು ಬಂದಿದ್ದ ದಂತವೈದ್ಯ.

"ಇವನಲ್ಲ," ಎಂದು ನೋರ್ಬು ಹೆಣವನ್ನು ಮೂಟೆಯಂತೆ ಪಕ್ಕಕ್ಕೆ ತಳ್ಳಿದ. "ಭಾವ ಎಲ್ಲಿ?"

ಅವನ ಭಾವ ಪಲ್ಜೋರ್. ಲಿಫ್ಟಿಲ್ಲದ, ಯಾರೂ ತುಳಿಯದ ಇಳಿಜಾರುಗಳಿಗೆ ಸ್ಕೀಗಾರರನ್ನು ಕರೆದೊಯ್ಯುವ ಗೈಡ್. ನೋರ್ಬುವಿನ ಅಕ್ಕ ಛಿಮೆಯ ಗಂಡ. ನೀಲಾಂಬಿಕಾ ಮೂರು ಚಳಿಗಾಲದಿಂದ ಬಾಡಿಗೆಗಿದ್ದದ್ದು ಅವನ ಮನೆಯಲ್ಲೇ. ಅವನ ಎದೆಗೆ ಕಟ್ಟಿದ್ದ ಬೀಕನ್ ಹಿಮದಡಿಯಿಂದ ಇನ್ನೂ ಸಂಕೇತ ಕಳಿಸುತ್ತಿತ್ತು. ಅವಳ ಕೈಯ ಯಂತ್ರದಲ್ಲಿ ಅಂಕಿ ನಿಂತಿತು: ಎರಡು ಮೀಟರ್ ಮೂವತ್ತು.

"ಇಲ್ಲಿ. ಕಾಲಡಿಯಲ್ಲೇ."

ರಸ್ತೆಯ ಹಿಮ ತೆಗೆಯುತ್ತಿದ್ದ ನಾಲ್ವರು ಕೂಲಿಯವರು ಓಡಿ ಬಂದಿದ್ದರು. ಒಬ್ಬ ನೋರ್ಬುವಿನ ಕೈಗೂ ಒಂದು ಸಲಿಕೆ ಕೊಟ್ಟ. ಆರು ಸಲಿಕೆಗಳು ಒಟ್ಟಿಗೆ ಬಿದ್ದವು. ಇಳಿಜಾರು ಕುಸಿದು ಹನ್ನೆರಡು ನಿಮಿಷವಾಗಿತ್ತು. ಹದಿನೈದು ನಿಮಿಷದವರೆಗೆ ಹಿಮದಡಿಯ ಮನುಷ್ಯ ಬಹುಪಾಲು ಬದುಕಿರುತ್ತಾನೆ. ಆಮೇಲೆ ಅವನ ಉಸಿರೇ ಅವನ ಬಾಯಿಯ ಮುಂದೆ ಮಂಜುಗಡ್ಡೆಯ ಮುಚ್ಚಳ ಕಟ್ಟುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನೋರ್ಬು ಒಮ್ಮೆ ಮಾತ್ರ ತಲೆಯೆತ್ತಿದ. ಚಮರಿಬೆನ್ನು ಎಂದು ಅವರು ಕರೆಯುವ ಆ ಇಳಿಜಾರಿನ ಎಡಭಾಗ ಪೂರ್ತಿ ಬೋಳಾಗಿತ್ತು, ಚರ್ಮ ಸುಲಿದ ಹಾಗೆ. ಬಲಭಾಗ ಇನ್ನೂ ಮೇಲೆ ನೇತಾಡುತ್ತಿತ್ತು. ನಡುವೆ ಒಬ್ಬ ಮನುಷ್ಯನೆತ್ತರದ ಕಡಿದ ಅಂಚು.

"ಅದು ಬರುತ್ತಾ?"

ನೀಲಾಂಬಿಕಾ ಮಣಿಕಟ್ಟು ನೋಡಿಕೊಂಡಳು. ಅಲ್ಲಿ ಕಟ್ಟಿದ್ದ ಎಚ್ಚರಿಕೆಯ ಪಟ್ಟಿಯ ದೀಪ ಹಸಿರಾಗಿತ್ತು. ನೋರ್ಬುವಿನದೂ ಹಸಿರು. ದಂತವೈದ್ಯನ ಸೆಟೆದ ಕೈಯಲ್ಲಿದ್ದದ್ದೂ ಹಸಿರು.

ಆಗ ನೆಲ ಕೂತಿತು. ಧುಮ್. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುವ ಸದ್ದು. ಅವಳ ಕಾಲಡಿಯ ಹಿಮ ಎರಡು ಬೆರಳಿನಷ್ಟು ಕೆಳಗಿಳಿದು ನಿಂತಿತು. ಕೆಳಪದರದ ಸಕ್ಕರೆಯಂಥ ಹರಳುಗಳು ಮೇಲಿನ ಹಲಗೆಯ ಭಾರ ತಾಳಲಾರದೆ ಪುಡಿಯಾದಾಗ ಬರುವ ಸದ್ದು ಅದು. ಪಟ್ಟಿ ಕೆಂಪಾಗಬೇಕಿತ್ತು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹಸಿರು.

ಕಣಿವೆಯ ಆಚೆ ರುಂಗ್‌ಚಾ ಹಳ್ಳಿಯ ಚಪ್ಪಟೆ ಮಾಳಿಗೆಗಳ ಮೇಲೆ ಇರುವೆಯಷ್ಟು ಸಣ್ಣ ಜನ ಹಿಮ ತಳ್ಳುತ್ತಿದ್ದರು. ಹೊತ್ತು ಎಂಟೂ ಮೂವತ್ತನಾಲ್ಕು.

ಅವಳು ಎದೆಯ ಮೇಲಿನ ವಾಕಿಟಾಕಿಗೆ ಕೈ ಹಾಕಿದಳು.

*

ಆ ಯಂತ್ರಕ್ಕೆ ಉದ್ದನೆಯ ಸರಕಾರಿ ಹೆಸರೊಂದಿತ್ತು. ಹಳ್ಳಿಯವರು ಅದನ್ನು ಕಿವಿ ಎಂದರು, ಅದೇ ಉಳಿಯಿತು. ಬೇಸಿಗೆಯಲ್ಲಿ ಇಳಿಜಾರುಗಳ ಮಣ್ಣಿನಲ್ಲಿ ಹೂತಿಟ್ಟ ಗಾಜಿನೆಳೆಯ ಕೇಬಲ್ಲು. ಚಳಿಗಾಲದಲ್ಲಿ ಅದರ ಮೇಲೆ ಹಿಮ ಬಿದ್ದಾಗ, ಹಿಮದೊಳಗಿನ ಪ್ರತಿಯೊಂದು ಬಿರುಕು, ಪ್ರತಿಯೊಂದು ಧುಮ್ ಆ ಎಳೆಯನ್ನು ಕೂದಲಿನ ಸಾವಿರದಲ್ಲೊಂದು ಪಾಲು ಎಳೆಯುತ್ತಿತ್ತು. ಎಳೆಯೊಳಗಿನ ಬೆಳಕು ಅದನ್ನು ಅಳೆದು ಕಂಟ್ರೋಲ್ ರೂಮಿಗೆ ಹೇಳುತ್ತಿತ್ತು. ಅಲ್ಲಿಂದ ಎಲ್ಲರ ಮಣಿಕಟ್ಟಿಗೆ ಹಸಿರು ಅಥವಾ ಕೆಂಪು ಹೋಗುತ್ತಿತ್ತು. ಕೆಂಪಿದ್ದರೆ ಬೂಟು ಸ್ಕೀಗೆ ಕಚ್ಚಿಕೊಳ್ಳುತ್ತಲೇ ಇರಲಿಲ್ಲ, ಕೊಂಡಿಯೇ ಬೀಳದು.

ಮೊದಲ ಚಳಿಗಾಲ ಯಾರೂ ಸಾಯಲಿಲ್ಲ. ಎರಡನೆಯದರಲ್ಲೂ ಇಲ್ಲ. ತಾಯಂದಿರು ಪಟ್ಟಿ ನೋಡಿ ಮಕ್ಕಳನ್ನು ಶಾಲೆಗೆ ಕಳಿಸತೊಡಗಿದರು. ಮಂಡಿ ನೋವಿನಿಂದ ಹವೆ ಹೇಳುತ್ತಿದ್ದ ಮುದುಕರನ್ನು ಹುಡುಗಿಯರು ಛೇಡಿಸಿದರು. ಗೈಡುಗಳು ಗುಂಡಿ ತೋಡುವುದನ್ನು ನಿಲ್ಲಿಸಿದರು. ಮೊದಲೆಲ್ಲ ಪಲ್ಜೋರ್ ಪ್ರತಿ ಇಳಿಜಾರಿನ ಅಂಚಿನಲ್ಲೂ ಎದೆಮಟ್ಟದ ಗುಂಡಿ ತೋಡಿ, ಹಿಮದ ಕಂಬ ಕೊಯ್ದು, ಅದರ ಮೇಲೆ ಸಲಿಕೆ ಇಟ್ಟು ಬಡಿದು ನೋಡುತ್ತಿದ್ದ: ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಕಂಬ ಎಷ್ಟನೆಯ ಏಟಿಗೆ ಜಾರುತ್ತದೆ ಎಂಬುದೇ ಉತ್ತರ. ಈಗ ಗಿರಾಕಿಗಳು ಗಡಿಯಾರ ನೋಡುತ್ತಾರೆ, ದೀಪ ಹಸಿರಿರುವಾಗ ಅರ್ಧ ಗಂಟೆ ಯಾಕೆ ದಂಡ ಎನ್ನುತ್ತಾರೆ.

ಸಮಸ್ಯೆ ಇದ್ದದ್ದು ಒಂದೇ. ಹಿಮ ಬಿದ್ದ ಮರುಬೆಳಿಗ್ಗೆಗಳಲ್ಲಿ ಕಿವಿ ಸುಮ್ಮಸುಮ್ಮನೆ ಕೆಂಪಾಗುತ್ತಿತ್ತು. ಎಂಟರಿಂದ ಒಂಬತ್ತೂವರೆ, ಸರಿಯಾಗಿ. ಯಂತ್ರವನ್ನು ನೋಡಿಕೊಳ್ಳುವ ಎಂಜಿನಿಯರ್ ನೀಲಾಂಬಿಕಾ ಕಾರಣ ಹುಡುಕಿ ಒಂದು ತಿಂಗಳು ಒದ್ದಾಡಿದಳು. ಕೊನೆಗೆ ಅಡುಗೆ ಒಲೆಯ ಮುಂದೆ ಕೂತು ಪಲ್ಜೋರ್ ನಕ್ಕುಬಿಟ್ಟ.

"ಅದು ನಮ್ಮಮ್ಮನ ಸದ್ದು, ನೀಲಾ! ನಿಮ್ಮ ಕಿವಿ ನಮ್ಮಮ್ಮನಿಗೆ ಹೆದರುತ್ತೆ!"

ರುಂಗ್‌ಚಾದಲ್ಲಿ ಮಾಳಿಗೆಯ ಹಿಮ ತಳ್ಳಲು ಒಂದು ಕ್ರಮವಿದೆ. ಮೇಲಿನ ಮನೆ ಶುರು ಮಾಡುವ ತನಕ ಕೆಳಗಿನವರು ಸಲಿಕೆ ಮುಟ್ಟುವಂತಿಲ್ಲ. ಇಲ್ಲದಿದ್ದರೆ ತಾವು ತೆಗೆದ ಓಣಿಗೆ ಮೇಲಿನವರ ಹಿಮ ಬಂದು ಬೀಳುತ್ತದೆ. ಪಲ್ಜೋರನದೇ ಎಲ್ಲಕ್ಕಿಂತ ಮೇಲಿನ ಮನೆ. ಅವನ ತಾಯಿ ಎಂಟಕ್ಕೆ ಮೊದಲ ಗಡ್ಡೆ ಕೆಡಹುತ್ತಾಳೆ, ಆಮೇಲೆ ಎರಡನೆಯ ಮನೆ, ಮೂರನೆಯದು, ಹೀಗೆ ಮೂವತ್ತೊಂದು ಮನೆ. ಆ ಗಡ್ಡೆಗಳು ನೆಲಕ್ಕೆ ಬೀಳುವ ಧುಮ್ ಬಂಡೆಯ ಮೂಲಕ ಕಣಿವೆ ದಾಟಿ ಬಂದಾಗ, ಇಳಿಜಾರಿನೊಳಗಿನ ಧುಮ್ಮಿಗೂ ಅದಕ್ಕೂ ಯಂತ್ರಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅವಳು ಯಂತ್ರಕ್ಕೆ ಒಂದು ಸೋಸುಕ ಬರೆದಳು, ಬೇಡದ ಸದ್ದನ್ನು ಸೋಸಿ ಬಿಡುವ ಸೂತ್ರ. ಹಿಮ ಬಿದ್ದ ಬೆಳಿಗ್ಗೆ, ಎಂಟರಿಂದ ಒಂಬತ್ತೂವರೆಯ ನಡುವೆ ಇಂಥ ಧುಮ್ಮು, ಬಡಿತ ಏನೇ ಬಂದರೂ ಅದು ಹಳ್ಳಿಯದು, ಕಳೆದುಬಿಡು. ಗದಗಿನಲ್ಲಿ ಅವಳ ಮನೆಯದೂ ಮಣ್ಣಿನ ಮಾಳಿಗೆಯೇ. ಸೋಸುಕಕ್ಕೆ 'ಮಾಳಿಗೆ ಹೊತ್ತು' ಎಂದು ಹೆಸರಿಟ್ಟಳು. ಅವಳ ಮೇಲಧಿಕಾರಿ ವಿರೂಪಾಕ್ಷ ಹೊಂಬಳ, ಅವರೂ ಅದೇ ಕಡೆಯವರು, ಹೆಸರು ಓದಿ ಖುಷಿಪಟ್ಟು ಸಹಿ ಹಾಕಿದರು. ಪಲ್ಜೋರ್ ಆವತ್ತು ಬಾರ್ಲಿಯ ಹೆಂಡ, ಛಂಗ್, ಕುಡಿಸಿದ. ಬೆಳಗಿನ ಹೊಸ ಹಿಮದ ಮೇಲೆ ಗಿರಾಕಿಗಳನ್ನು ಒಯ್ಯಬಹುದೆಂದು ಅವನಿಗೂ ಖುಷಿ.

*

"ಸರ, ಮಾಳಿಗೆ ಹೊತ್ತು ತಗೀರಿ. ಈಗಿಂದೀಗ ತಗೀರಿ!" ಅವಳು ವಾಕಿಟಾಕಿಯಲ್ಲಿ ಕಿರುಚಿದಳು.

"ತಗದ್ರ ಅದು ಮತ್ತ ಮೊದಲಿಂದ ಕಲೀಬೇಕವಾ," ಕಂಟ್ರೋಲ್ ರೂಮಿನಿಂದ ಹೊಂಬಳರ ಧ್ವನಿ ಒಡೆದು ಬಂತು. "ಇಪ್ಪತ್ತು ನಿಮಿಷ ಪೂರಾ ಕಿವುಡ ಆಕ್ಕೈತಿ. ನನ್ನ ಪರದಿ ಮ್ಯಾಲೆ ಎಲ್ಲಾ ಹಸಿರ ಐತಿ. ಬಿದ್ದಿದ್ದು ಬಿತ್ತು, ಇಳಿಜಾರು ಖಾಲಿ ಆತು ಅನ್ನಾಕತ್ತೈತಿ."

"ಅರ್ಧಾ ಬಿದ್ದೈತ್ರಿ! ಇನ್ನರ್ಧಾ ನನ್ನ ತಲಿ ಮ್ಯಾಲೆ ಐತಿ! ಈಗ ಧುಮ್ ಅಂತು, ನಿಮಗ ಕಾಣಿಸ್ತೇನು?"

"ಇಲ್ಲ," ಎಂದರು ಹೊಂಬಳ. "ಏನೂ ಕಾಣಿಸಲಿಲ್ಲ."

ನೋರ್ಬುವಿಗೆ ಕನ್ನಡ ಬಾರದು, ಅವಳೊಡನೆ ಅವನ ಮಾತೆಲ್ಲ ಹಿಂದಿಯಲ್ಲೇ. ಧ್ವನಿ ಅರ್ಥವಾಗಿತ್ತು. "ಏನಂತೆ? ಮೇಡಂ, ಏನಂತೆ ನಿಮ್ಮ ಸಾಹೇಬರು?"

ಅವಳು ಹತ್ತು ಹೆಜ್ಜೆ ಓಡಿ, ಕುಸಿಯದೆ ಉಳಿದ ಅಂಚಿಗೆ ಹೋಗಿ ಸಲಿಕೆ ಇಳಿಸಿದಳು. ಗುಂಡಿ ತೋಡಲು ಹೊತ್ತಿರಲಿಲ್ಲ. ಕಡಿದ ಗೋಡೆಯಲ್ಲೇ ಒಂದು ಕಂಬ ಕೊಯ್ದಳು. ಮೇಲೆ ಸಲಿಕೆಯ ಅಲಗು. ಮಣಿಕಟ್ಟಿನಿಂದ ಒಂದು ಏಟು. ಎರಡು.

ಎರಡನೆಯದಕ್ಕೆ ಕಂಬದ ಮೇಲ್ಭಾಗ ಪೆಟ್ಟಿಗೆಯ ಮುಚ್ಚಳದಂತೆ ನುಣ್ಣಗೆ ಜಾರಿ ಅವಳ ತೊಡೆಯ ಮೇಲೆ ಬಿತ್ತು.

ನೋರ್ಬು ಅದನ್ನು ನೋಡಿದ. ನೋಡಿ, ತಿರುಗಿ, ಅಗೆಯುವುದನ್ನು ಮುಂದುವರಿಸಿದ.

"ಎಲ್ಲರೂ ಹೊರಡಿ. ಆ ದೊಡ್ಡ ಬಂಡೆಯ ಮರೆಗೆ. ಓಡಿ!"

ಕೂಲಿಯವರು ಅವಳ ಮಣಿಕಟ್ಟು ನೋಡಿದರು, ಅವಳ ಮುಖ ನೋಡಿದರು, ಮುಖವನ್ನು ನಂಬಿ ಹೊರಟರು. ನೋರ್ಬು ಏಳಲಿಲ್ಲ. ಗುಂಡಿ ಅವನ ಸೊಂಟದಷ್ಟಾಗಿತ್ತು.

"ಇನ್ನು ಒಂದೂಕಾಲು ಮೀಟರ್! ಮೇಡಂ, ಒಂದೂಕಾಲು! ಐದು ನಿಮಿಷ!"

"ಐದು ನಿಮಿಷ ಇಲ್ಲ ನೋರ್ಬು."

"ಹಸಿರಿದೆ ನೋಡಿ! ನೀವೇ ಮಾಡಿದ್ದಲ್ವಾ ಇದನ್ನ? ಹಸಿರಿದೆ!"

ಅವಳು ಅವನ ಕಾಲರ್ ಹಿಡಿದೆಳೆದಳು. ಅವನು ಹಿಂದಕ್ಕೆ ಒದ್ದ. ಬೂಟು ಅವಳ ಕೈಗೆ ಬಿದ್ದು ಒಂದು ಬೆರಳು ಪಟ್ಟನೆ ಮುರಿಯಿತು. ಅವಳು ಇನ್ನೊಂದು ಕೈಯಲ್ಲಿ ಸಲಿಕೆ ಎತ್ತಿ ಅದರ ಚಪ್ಪಟೆ ಮೈಯಿಂದ ಅವನ ದವಡೆಗೆ ಬಾರಿಸಿದಳು. ಮೊದಲ ಏಟಿಗೆ ಅವನು ಬೀಳಲಿಲ್ಲ, ಬರೀ ಬೆರಗಾಗಿ ನೋಡಿದ. ಎರಡನೆಯದಕ್ಕೆ ಎರಡು ಹಲ್ಲು ಹಿಮದ ಮೇಲೆ ಬಿದ್ದವು, ಅವನೂ ಬಿದ್ದ. ಕೂಲಿಯವರಿಬ್ಬರು ವಾಪಸು ಬಂದು ಅವನ ತೋಳು ಹಿಡಿದು ಎಳೆದರು. ತೊಂಬತ್ತು ಹೆಜ್ಜೆ. ಎಳೆದ ದಾರಿಯುದ್ದಕ್ಕೂ ಕೆಂಪು ಗೆರೆ.

ಬಂಡೆಯ ಮರೆ ಸೇರುವಷ್ಟರಲ್ಲಿ ಚಮರಿಬೆನ್ನಿನ ಬಲಭಾಗ ಬಿಟ್ಟುಕೊಂಡಿತು. ಮೊದಲು ಗಾಳಿ ಬಂತು, ಎದೆಯ ಮೇಲೆ ಗೋಡೆ ಬಿದ್ದ ಹಾಗೆ. ಆಮೇಲೆ ಬಿಳಿ. ಒಬ್ಬ ಕೂಲಿಯವನ ಟೋಪಿ, ದಂತವೈದ್ಯನ ಹೆಣ, ಐದು ಸಲಿಕೆ, ಎಲ್ಲ ಅದರೊಳಗೆ ಹೋದವು. ಹಿಮದ ಧೂಳು ಇಳಿದಾಗ ಅವರು ತೋಡಿದ್ದ ಗುಂಡಿ ಇರಲಿಲ್ಲ. ಅದಿದ್ದ ಜಾಗದ ಮೇಲೆ ಒಂದು ಮನೆಯೆತ್ತರದ ರಾಶಿ ಇತ್ತು.

ಬೀಕನ್ ಯಂತ್ರದ ಅಂಕಿ ಆರೂವರೆ ಮೀಟರ್ ಎಂದಿತು.

ನೋರ್ಬು ಬಾಯಿ ತುಂಬ ರಕ್ತವಿಟ್ಟುಕೊಂಡು ಕೂಗಿದ. ಅದು ಯಾವ ಭಾಷೆಯ ಮಾತೂ ಆಗಿರಲಿಲ್ಲ.

*

ಮಾರನೆಯ ಮಧ್ಯಾಹ್ನ ಪಲ್ಜೋರನನ್ನು ಹೊರತೆಗೆದರು. ರಾತ್ರಿ ಮತ್ತೆ ಹಿಮ ಬಿದ್ದಿದ್ದರೂ ಆವತ್ತು ಬೆಳಿಗ್ಗೆ ಮೇಲಿನ ಮನೆಯ ಮುದುಕಿ ಮಾಳಿಗೆ ಹತ್ತಿರಲಿಲ್ಲ. ಹಾಗಾಗಿ ಇಡೀ ಹಳ್ಳಿಯಲ್ಲಿ ಯಾರೂ ಸಲಿಕೆ ಮುಟ್ಟಿರಲಿಲ್ಲ. ಮೂವತ್ತೊಂದು ಮಾಳಿಗೆಗಳು ಮೊಣಕಾಲಷ್ಟು ಹಿಮ ಹೊತ್ತು ಸುಮ್ಮನೆ ನಿಂತಿದ್ದವು. ಮೂರನೆಯ ಮನೆಯ ತೊಲೆಯೊಂದು ಬಿರುಕು ಬಿಟ್ಟ ಸದ್ದು ಓಣಿಯಲ್ಲಿ ಕೇಳಿಸಿತ್ತು.

ಸಂಜೆ ನೀಲಾಂಬಿಕಾ ಪಲ್ಜೋರನ ಮನೆಯೊಳಗೆ ಬಂದಾಗ ಒಲೆಯ ಸುತ್ತ ಹೆಂಗಸರು ಕೂತಿದ್ದರು. ಮುದುಕಿ ಪ್ರಾರ್ಥನಾಚಕ್ರವನ್ನು ತಿರುಗಿಸದೆ ಬರೀ ಹಿಡಿದುಕೊಂಡಿದ್ದಳು. ಮೂಲೆಯಲ್ಲಿ ನೋರ್ಬು, ದವಡೆಗೆ ಬಟ್ಟೆ ಕಟ್ಟಿಕೊಂಡು. ಅವಳನ್ನು ನೋಡಿದ ಕೂಡಲೇ ಕೈಯಲ್ಲಿದ್ದ ಬಿಸಿ ಬೆಣ್ಣೆ ಚಹಾ ಎಸೆದ. ಅದು ಅವಳ ಕುತ್ತಿಗೆಯ ಮೇಲೆ ಚೆಲ್ಲಿತು. ಅವಳು ಒರೆಸಿಕೊಳ್ಳಲಿಲ್ಲ.

"ಮೇಡಂ ಬಂದ್ರು," ಎಂದ ಅವನು, ಊದಿದ ನಾಲಿಗೆಯಲ್ಲಿ. "ಕುರ್ಚಿ ಕೊಡಿ. ದೀಪ ಹಸಿರಿದೆ, ಕೂತ್ಕೋಬಹುದು."

"ಸುಮ್ನಿರು," ಎಂದಳು ಛಿಮೆ.

"ಐದು ನಿಮಿಷ ಅಕ್ಕಾ! ಇನ್ನೈದು ನಿಮಿಷ ಬಿಟ್ಟಿದ್ರೆ ಮುಟ್ತಿದ್ದೆ! ಬದುಕಿದ್ದವನನ್ನ ಬಿಟ್ಟು ಬರೋ ಹಾಗೆ ಮಾಡಿದಳು ಇವಳು. ಬದುಕಿದ್ದ ಅಂತ ಗೊತ್ತಾದ ದಿನ ಇವಳನ್ನ ಅದೇ ಗುಂಡಿಯಲ್ಲಿ ಹೂತು ಬರ್ತೀನಿ, ಬುದ್ಧನಾಣೆ."

ಛಿಮೆ ಎದ್ದು ಬಂದು ನೀಲಾಂಬಿಕಾಳ ಎದುರು ನಿಂತಳು. ಅಳು ಇನ್ನೂ ಬಂದಿರಲಿಲ್ಲ. ಮುಖ ತೊಳೆದಿಟ್ಟ ತಟ್ಟೆಯಂತಿತ್ತು.

"ನನಗೊಂದು ಹೇಳು. ನೀನು ಓದಿದವಳು, ಗೊತ್ತಿರುತ್ತೆ. ಅವರು ತಕ್ಷಣ ಹೋದರಾ?"

ಹೆಣ ನೋಡಿದ ಡಾಕ್ಟರು ಪಕ್ಕೆಲುಬು ಮುರಿದಿವೆ, ಬೇಗ ಹೋಗಿರಬೇಕು ಎಂದಿದ್ದರು. ನೀಲಾಂಬಿಕಾ ಅದನ್ನು ನಂಬಿದ್ದಳು. ಆಗಿನಿಂದ ಅದೊಂದನ್ನೇ ಹಿಡಿದುಕೊಂಡಿದ್ದಳು.

"ತಕ್ಷಣ, ಭಾಭಿ. ಮೊದಲ ಏಟಿಗೇ. ನಾವು ಅಗೆಯೋಕೆ ಶುರು ಮಾಡೋ ಮೊದಲೇ."

ಛಿಮೆ ತಲೆಯಾಡಿಸಿದಳು. ಹಾಗೇ ಬಹಳ ಹೊತ್ತು ಆಡಿಸುತ್ತಲೇ ಇದ್ದಳು.

"ಹಾಗಾದರೆ ನೀನು ನನ್ನ ತಮ್ಮನಿಗೆ ಹೊಡೆದದ್ದು ಒಳ್ಳೇದಾಯ್ತು," ಎಂದಳು. ನೀಲಾಂಬಿಕಾಳ ಮುರಿದ ಬೆರಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಆಮೇಲೆ ಅತ್ತಳು. ಅವಳ ಅಳು ಗಂಟಲಲ್ಲ, ಬೆನ್ನೆಲುಬು ಸೀಳಿಕೊಂಡು ಬಂದ ಹಾಗಿತ್ತು. ಮುದುಕಿ ಚಕ್ರವನ್ನು ತಿರುಗಿಸತೊಡಗಿದಳು. ನೋರ್ಬು ಗೋಡೆಯ ಕಡೆ ತಿರುಗಿ ಕೂತ.

*

ಮೂರನೆಯ ದಿನ ಹಳ್ಳಿಯ ಗಂಡಸರು ಕಂಟ್ರೋಲ್ ರೂಮಿಗೆ ನುಗ್ಗಿದರು. ಎಲ್ಲರೂ ಮಣಿಕಟ್ಟಿನ ಪಟ್ಟಿಗಳನ್ನು ಕಿತ್ತು ತಂದಿದ್ದರು, ಅವುಗಳನ್ನು ಕಿಟಕಿಗೆ ಎಸೆದರು; ಕಿಟಕಿ ಒಡೆದ ಮೇಲೆ ಸಲಿಕೆಗಳೊಂದಿಗೆ ಒಳಗೆ ಬಂದರು. ಹತ್ತು ನಿಮಿಷದಲ್ಲಿ ಪರದೆಗಳೆಲ್ಲ ಚೂರಾದವು. ಹೊಂಬಳ ಅಡ್ಡ ನಿಂತರು. ಯಾರದೋ ಸಲಿಕೆಯ ಹಿಡಿ ಅವರ ಹಣೆ ಸೀಳಿತು. "ಯಾವನು ಹಸಿರು ಕೊಟ್ಟ? ಹೆಸರು ಹೇಳು!" ಎಂದು ನೋರ್ಬು ಅವರ ಕುತ್ತಿಗೆ ಹಿಡಿದು ಅಲ್ಲಾಡಿಸಿದ. ಅವರು ಹೆಸರು ಹೇಳಲಿಲ್ಲ. ಕೊನೆಗೆ ಪೊಲೀಸಿನವರು ಬಂದು ಎಲ್ಲರನ್ನೂ ಹೊರಗೆ ದಬ್ಬಿದರು. ನೋರ್ಬು ಮಾತ್ರ ಮೆಟ್ಟಿಲ ಕೆಳಗೆ ಹಿಮದ ಮೇಲೆ ಕೂತುಬಿಟ್ಟ. ಅವನನ್ನು ಏಳಿಸಲು ಪೊಲೀಸರಿಗೂ ಮನಸ್ಸಾಗಲಿಲ್ಲ.

ನೆಲದ ಮೇಲಿನ ಗಾಜು ತುಳಿಯುತ್ತಾ ನೀಲಾಂಬಿಕಾ ಹಿಂದಿನ ಕೋಣೆಗೆ ಹೋದಳು. ಸದ್ದುಗಳನ್ನು ಕೂಡಿಡುವ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ತನ್ನ ಲ್ಯಾಪ್‌ಟಾಪ್ ಜೋಡಿಸಿ, ಆವತ್ತಿನ ಬೆಳಿಗ್ಗೆ ತೆಗೆದು, ಮಾಳಿಗೆ ಹೊತ್ತನ್ನು ಕಳಚಿ, ಸೋಸದ ಸದ್ದನ್ನು ಕೇಳತೊಡಗಿದಳು. ಹೊಂಬಳ ಹಣೆಗೆ ಟವೆಲ್ ಒತ್ತಿಕೊಂಡು ಪಕ್ಕದಲ್ಲಿ ಕೂತರು.

ಎಂಟೂ ಹದಿನಾಲ್ಕು: ಧುಮ್. ಚಮರಿಬೆನ್ನಿನ ಒಳಗಿಂದಲೇ, ಅನುಮಾನವೇ ಇಲ್ಲ. ಎಂಟೂ ಹದಿನೇಳು: ಮತ್ತೊಂದು. ಆಗ ಕೆಂಪಾಗಿದ್ದರೆ ಪಲ್ಜೋರನ ಸ್ಕೀ ಕೊಂಡಿಯೇ ಬೀಳುತ್ತಿರಲಿಲ್ಲ. ಎಂಟೂ ಇಪ್ಪತ್ತೊಂದು: ಕುಸಿತ. ಎಂಟೂ ಮೂವತ್ತನಾಲ್ಕು: ಅವಳ ಕಾಲಡಿಯ ಧುಮ್. ಎಂಟೂ ನಲವತ್ತು: ಎರಡನೆಯ ಕುಸಿತ. ಆಮೇಲೆ ಹಳ್ಳಿಯ ಗಡ್ಡೆಗಳ ಸದ್ದು, ದೂರದಿಂದ, ಮೆತ್ತಗೆ.

ಅದರ ನಡುವೆ ಇನ್ನೊಂದು.

ಎಂಟೂ ನಲವತ್ತಮೂರು. ಟಕ್ ಟಕ್ ಟಕ್. ಬಿಡುವು. ಟಕ್ ಟಕ್ ಟಕ್.

ನೀಲಾಂಬಿಕಾಳ ಕೈ ಕೀಲಿಯ ಮೇಲೆ ನಿಂತಿತು. ಹಿಮ ಹೀಗೆ ಎಣಿಸುವುದಿಲ್ಲ. ಹಿಮದಡಿಯ ಮನುಷ್ಯನ ಕೂಗು ಮೇಲೆ ಕೇಳಿಸದು. ಪಲ್ಜೋರನ ಬೂಟಿನ ಹಿಮ್ಮಡಿ ಮಾತ್ರ ನೆಲ ಮುಟ್ಟಿತ್ತು, ನೆಲದೊಳಗೆ ಎಳೆ ಇತ್ತು. ಮೂರು ಏಟು, ಬಿಡುವು, ಮೂರು ಏಟು. ಒಂಬತ್ತಕ್ಕೆ ಬಿಡುವು ಉದ್ದವಾಯಿತು. ಒಂಬತ್ತೂ ಹತ್ತಕ್ಕೆ ಮೂರು ಎರಡಾಯಿತು. ಒಂಬತ್ತೂ ಇಪ್ಪತ್ತನಾಲ್ಕಕ್ಕೆ ಒಂದು ಏಟು. ಆಮೇಲೆ ಇಲ್ಲ.

ನಲವತ್ತೊಂದು ನಿಮಿಷ. ಪರದೆಯ ಅಂಚಿನಲ್ಲಿ, ಪ್ರತಿಯೊಂದು ಟಕ್ಕಿನ ಎದುರಿಗೂ ಯಂತ್ರ ಬರೆದಿಟ್ಟ ಸಾಲು: ಮಾನವ ಮೂಲದ ಸದ್ದು, ಅಪ್ರಸ್ತುತ, ಕಳೆಯಲಾಗಿದೆ. ಸೂತ್ರ: ನೀ. ಕೊ.

ನೀಲಾಂಬಿಕಾ ಕೊಟಗಿ ಎದ್ದು ಕಿಟಕಿಯ ಬಳಿ ಹೋಗಿ, ಕೆಳಗೆ ಕೂತಿದ್ದ ನೋರ್ಬುವನ್ನು ನೋಡಿದಳು.

ಹೊಂಬಳ ಅವಳು ವಾಪಸು ಬಂದು ಕೂರುವವರೆಗೂ ಕಾದರು. ಟವೆಲ್ಲಿನಿಂದ ಒಂದು ಹನಿ ಅವರ ಕನ್ನಡಕದ ಮೇಲೆ ಬಿತ್ತು, ಅದನ್ನು ಹೆಬ್ಬೆರಳಿನಿಂದ ಒರೆಸಿದರು.

"ಕೇಳಿಲ್ಲಿ, ತಂಗಿ. ಮೊದಲಿಂದೆಲ್ಲಾ ಹಂಗs ಇರ್ಲಿ. ಹದಿನಾಲ್ಕಕ್ಕ ಬಂದಿದ್ದು, ಹದಿನೇಳಕ್ಕ ಬಂದಿದ್ದು, ಎಲ್ಲಾ ಇರ್ಲಿ. ತಪ್ಪು ನಮ್ಮದs ಅಂತ ನಾ ಬರದು ಕೊಡ್ತೀನಿ. ಸಹಿ ನಂದs ಐತಿ, ಶಿಕ್ಷಾ ನನಗs ಆಗ್ಲಿ. ಸೋಸುಕ ಇವತ್ತs ಕಿತ್ತು ಒಗೀತೀನಿ. ಇದರಾಗ ಮೋಸ ಇಲ್ಲ."

ಅವಳು ಪರದೆಯ ಅಂಚಿನ ಸಾಲನ್ನು ಮತ್ತೆ ಓದಿದಳು.

"ಈ ನಲವತ್ತೊಂದು ನಿಮಿಷ ಅಷ್ಟs," ಎಂದರು ಹೊಂಬಳ. ಅವರ ಧ್ವನಿ ಮನೆಯ ಹಿರಿಯನದಾಗಿತ್ತು. "ಇದನ್ನ ಅಳಿಸಿಬಿಡ್ತೀನಿ. ಗೊತ್ತಿರೋದು ನಿನಗ, ನನಗ. ಇದರಿಂದ ಯಾರೂ ಎದ್ದು ಬರಂಗಿಲ್ಲ. ಅವನ ಹೆಂಡ್ತಿಗೆ ನೀ ತಕ್ಷಣ ಹೋದ ಅಂತ ಹೇಳೀದಿ. ಆಕಿ ಅದನ್ನ ಹಿಡಕೊಂಡು ಬದುಕತಾಳ. ಇದನ್ನ ಕೇಳಿಸಿದ್ರ ಆಕಿ ಹೆಂಗ ಬದುಕಬೇಕು? ಮುದುಕಿ ಹೆಂಗ ಬದುಕಬೇಕು?"

ಒಡೆದ ಕಿಟಕಿಯಿಂದ ಗಾಳಿ ಬಂತು. ಕೆಳಗೆ ನೋರ್ಬು ಸಲಿಕೆಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದ, ಅಲ್ಲಾಡದೆ.

"ಅಂವ ಹೊರಗs ಕುಂತಾನ," ಎಂದರು ಹೊಂಬಳ. "ಬದುಕಿದ್ದ ಅಂತ ತಿಳಿದ್ರ ಅಂವ ನಿನ್ನ ಬಿಡಂಗಿಲ್ಲ. ನೀ ನಾಕು ಮಂದಿನ್ನ ಉಳಿಸೀದಿ, ಅವನ್ನೂ ಉಳಿಸೀದಿ. ಅದು ಯಾರಿಗೂ ನೆನಪಿರಂಗಿಲ್ಲ ಆಗ. ಇನ್ನೂ ಇಪ್ಪತ್ತೊಂಬತ್ತು ವರ್ಷದಾಕಿ ನೀ. ಒಂದು ಗುಂಡಿ ಒತ್ತೋದು, ಅಷ್ಟs. ನಾನs ಒತ್ತತೀನಿ, ನೀ ಆ ಕಡೆ ಮುಖ ಮಾಡು. ಹೂಂ ಅನ್ನು ಸಾಕು."

ಅವರ ಬೆರಳು ಕೀಲಿಯ ಮೇಲೆ ಬಂದು ಕೂತಿತು. ಆ ಬೆರಳಿನಲ್ಲಿ ದುರಾಸೆ ಇರಲಿಲ್ಲ.

ನೀಲಾಂಬಿಕಾ ಬ್ಯಾಂಡೇಜು ಸುತ್ತಿದ ಕೈಯಿಂದ ಆ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟಳು.

"ಒಲ್ಲೆ," ಎಂದಳು.